ಎರಡು ತೆನೆ

ಹೊಸ ಅಕ್ಕಿ ಉಣ್ಣುವ ಮೊಂತಿ ಹಬ್ಬದ ದಿನ ನಮ್ಮ ಇಗರ್ಜಿಯಲ್ಲಿ ಮನೆಯಲ್ಲಿ ಎಷ್ಟು ಜನವೋ ಅಷ್ಟು ಭತ್ತದ ತೆನೆ ಕೊಡುತ್ತಾರೆ. ಅಬುದಾಬಿಯಲ್ಲಿರುವ ಮಗನನ್ನೂ ಸೇರಿಸಿ ಎಣಿಸುವವರಿದ್ದಾರೆ. ಈ ಸಲ ತೆನೆ ಹಂಚುತ್ತಿದ್ದ ಗುರಿಕಾರರು "ನೀವೆಷ್ಟು ಜನ ಮೊರಿಸ್?" ಎಂದು ಕೇಳಿದಾಗ ನನ್ನ ಗಂಡ ತಡವರಿಸಲೂ ಇಲ್ಲ. "ಇಬ್ಬರು" ಅಂದುಬಿಟ್ಟರು.

ನಮ್ಮ ಒಬ್ಬಳೇ ಮಗಳು ಶಾರನ್, ಅಪ್ಪನ ಬೈಕಿನ ಹಿಂದಿನಿಂದ ಬಿದ್ದು ತೀರಿಕೊಂಡು ಏಳು ತಿಂಗಳೂ ಆಗಿರಲಿಲ್ಲ. ಅವಳನ್ನು ಬಿಟ್ಟು ಎಣಿಸಲು ಈ ಮನುಷ್ಯನಿಗೆ ನಾಲಿಗೆಯಾದರೂ ಹೇಗೆ ಬಂತು? ನಮ್ಮೂರು ದೇಲಂಪಾಡಿಯವರೆಗೆ ಬಸ್ಸಿನಲ್ಲಿ ನಾನು ಅವರ ಮುಖ ನೋಡಲಿಲ್ಲ.

ಮನೆಗೆ ಬಂದು ಅವರೇ ಭತ್ತ ಸುಲಿದರು, ಅಕ್ಕಿ ಕುಟ್ಟಿ ಹಾಲಿಗೆ ಹಾಕಿದರು. ಪ್ರಾರ್ಥನೆ ಮುಗಿಸಿ ಒಂದು ಲೋಟವನ್ನು ನನ್ನ ಮುಂದಿಟ್ಟರು. ಇನ್ನೊಂದನ್ನು ಶಾರನ್ ಕೂರುತ್ತಿದ್ದ ಕುರ್ಚಿಯ ಎದುರಿಗಿಟ್ಟರು.

ಮೂರನೆಯ ಲೋಟವಿರಲಿಲ್ಲ.

"ನಿಮಗೆಲ್ಲುಂಟು?" ಎಂದೆ.

ಅವರು ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡರು.

"ಬೈಕ್ ಬಿಟ್ಟದ್ದು ನಾನಲ್ಲವಾ ಕ್ರಿಸ್ಟಿನ್? ನನ್ನನ್ನು ಎಂತ ಎಣಿಸುವುದು?"