ಹದಿನೇಳನೆಯವರ ಕಿವಿ

ಹೆಸರು ಮುಚ್ಚಿಡುವ ವಿಷಯದಲ್ಲಿ ಅವಳಷ್ಟು ಕಟ್ಟುನಿಟ್ಟಾದ ಸಂಶೋಧಕಿ ಇಡೀ ವಿಶ್ವವಿದ್ಯಾಲಯದಲ್ಲಿ ಇರಲಿಲ್ಲ. ಎರಕದ ಕಾರ್ಖಾನೆಯ ನಲವತ್ತು ಜನರ ಕಿವಿ ಪರೀಕ್ಷಿಸಿದ್ದಳು. ಅವರ ಹೆಸರಿದ್ದ ಹಾಳೆಯನ್ನು ಬೀರುವಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಕೊರಳಿಗೇ ಹಾಕಿಕೊಂಡು ಓಡಾಡುತ್ತಿದ್ದಳು. ಉಳಿದ ಕಾಗದಗಳಲ್ಲೆಲ್ಲ ಬರೀ ನಂಬರು.

ಆ ನಲವತ್ತು ಜನರನ್ನು ಒಪ್ಪಿಸಿದ್ದು ಅವಳ ಚಿಕ್ಕಪ್ಪ, ಅದೇ ಕಾರ್ಖಾನೆಯ ಕ್ರೇನ್ ಆಪರೇಟರ್. ಇಪ್ಪತ್ತಾರು ವರ್ಷದಿಂದ ಚಾವಣಿಗೆ ಅಂಟಿದ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು, ಕರಗಿದ ಕಬ್ಬಿಣದ ಬಕೆಟ್ಟನ್ನು ತೊಟ್ಟೂ ಚೆಲ್ಲದೆ ಸಾಗಿಸುತ್ತಿದ್ದರು. ಅದರ ಬಗ್ಗೆ ಅವರಿಗೆ ಕೊಂಚ ಜಂಬ, ಇರಬೇಕಾದ್ದೇ ಬಿಡಿ. ಕೆಲಸಗಾರರು ಹಿಂದೇಟು ಹಾಕಿದಾಗ, "ನಮ್ಮಣ್ಣನ ಮಗಳು ಕಣ್ರೋ. ಹೆಸರು ಬರಲ್ಲ ಅಂದ್ರೆ ಬರಲ್ಲ. ಅವಳ ಮಾತಿಗೆ ನಾನು ಜವಾಬ್ದಾರಿ" ಎಂದು ಒಬ್ಬೊಬ್ಬರನ್ನೇ ಕರೆತಂದರು. ಮಧ್ಯೆ ತಾವೂ ಕೂತರು. ಹದಿನೇಳನೆಯ ನಂಬರು.

ಫಲಿತಾಂಶವನ್ನು ಅವಳು ಎರಡೆರಡು ಸಲ ನೋಡಿದಳು. ಎಡಗಿವಿ ಹೆಚ್ಚುಕಡಿಮೆ ಹೋಗೇ ಬಿಟ್ಟಿತ್ತು. ಬಲಗಿವಿಯೂ ಅದರ ಹಿಂದೆಯೇ ಹೊರಟಿತ್ತು.

"ಯಾರಿಗೂ ಹೇಳಬೇಡ ಪುಟ್ಟಿ," ಎಂದರು ಚಿಕ್ಕಪ್ಪ. "ನಂದು ಕಣ್ಣಿನ ಕೆಲಸ. ಕೆಳಗಿನಿಂದ ಕೈಸನ್ನೆ ಮಾಡ್ತಾರೆ, ನಾನು ನೋಡ್ತೀನಿ. ಇನ್ನೆರಡು ವರ್ಷ ಕಳೆದ್ರೆ ಮರ್ಯಾದೆಯಾಗಿ ಇಳಿದು ಬರ್ತೀನಿ."

ಅವಳು ಮಾತು ಕೊಟ್ಟಳು. ಕಿವಿಗೆ ಮೆಷಿನ್ ಹಾಕಿಸಿಕೊಳ್ಳಿ ಎಂದು ಗೋಗರೆದಳು. ಆ ಮಾತನ್ನು ಅವರು ಯಾವ ಕಿವಿಗೂ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ವಿಶ್ವವಿದ್ಯಾಲಯಕ್ಕೆ ಜನರ ಮೇಲೆ ಪ್ರೀತಿ ಉಕ್ಕಿತು. ಸಂಶೋಧನೆಯನ್ನು ಊರಿನವರಿಗೆ ತಿಳಿಸಬೇಕು, ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ ಭಾಷಣ ಎಂದು ಆಜ್ಞೆಯಾಯಿತು. ಪ್ರಚಾರ ವಿಭಾಗದ ಅಧಿಕಾರಿ ಅವಳ ಸ್ಲೈಡುಗಳನ್ನು ನೋಡಿ ಮುಖ ಸಿಂಡರಿಸಿದ. "ಮೇಡಂ, ಈ ಗ್ರಾಫು, ಶೇಕಡಾವಾರು ಎಲ್ಲ ತೆಗೆದುಹಾಕಿ. ಜನ ಆಕಳಿಸ್ತಾರೆ. ಒಬ್ಬ ಮನುಷ್ಯನ ಕಥೆ ಹೇಳಿ, ಒಬ್ಬನೇ ಒಬ್ಬ."

ಅವಳು ಹದಿನೇಳನ್ನೇ ಆರಿಸಿಕೊಂಡಳು. ನಲವತ್ತರಲ್ಲಿ ತೀರಾ ಕೆಟ್ಟಿದ್ದ ಕಿವಿ ಅದು. ಜೊತೆಗೆ ಅವರ ಮೇಲೆ ಅವಳಿಗೆ ಜೀವ, ಮಾತು ತಾನಾಗಿಯೇ ಬರುತ್ತಿತ್ತು. ನಿಯಮಗಳ ಪಟ್ಟಿ ಇಟ್ಟುಕೊಂಡು ಹೆಸರಿಲ್ಲ, ವಯಸ್ಸಿಲ್ಲ, ಫೋಟೋ ಇಲ್ಲ, ಕಾರ್ಖಾನೆಯ ಹೆಸರೂ ಇಲ್ಲ ಎಂದು ಗುರುತು ಹಾಕಿದಳು. ಪ್ರೊಫೆಸರೂ ಸಹಿ ಹಾಕಿದರು. ಮಾಡುವ ಕೆಲಸವನ್ನೂ ಮುಚ್ಚಿಡಬೇಕೆಂದು ಆ ಪಟ್ಟಿಯಲ್ಲಿರಲಿಲ್ಲ, ಇಬ್ಬರು ಓದಿದವರ ತಲೆಗೂ ಹೊಳೆಯಲಿಲ್ಲ.

ಭಾನುವಾರ ಮುಂದಿನ ಸಾಲುಗಳ ತುಂಬ ಕಾರ್ಖಾನೆಯವರು, ಅವರ ಮನೆಯವರು. ಕರೆದುಕೊಂಡು ಬಂದದ್ದು ಇನ್ಯಾರು, ಚಿಕ್ಕಪ್ಪನೇ. ಇಸ್ತ್ರಿ ಮಾಡಿದ ಶರಟು ತೊಟ್ಟು ಚಿಕ್ಕಮ್ಮನ ಪಕ್ಕ ಕೂತಿದ್ದರು.

"ಒಬ್ಬ ಕ್ರೇನ್ ಆಪರೇಟರ್ ಇದ್ದಾರೆ ಅಂದುಕೊಳ್ಳಿ," ಎಂದಳು ಅವಳು. "ಕೆಳಗಿನವರು ಸೀಟಿ ಊದಿದರೆ ನಮಗೆ ಹೀಗೆ ಕೇಳಿಸುತ್ತೆ." ಸಭಾಂಗಣದಲ್ಲಿ ಸೀಟಿ ಕಿರುಚಿತು. "ಅವರಿಗೆ ಹೀಗೆ."

ಸ್ಪೀಕರಿನಿಂದ ಏನೂ ಬರಲಿಲ್ಲ. ಅಭ್ಯಾಸ ಮಾಡಿಕೊಂಡಿದ್ದಂತೆ ಐದು ಸೆಕೆಂಡು ಸುಮ್ಮನೆ ನಿಂತಳು. ಹಿಂದಿನವರು ಜೋರಾಗಿ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನವರು ತಟ್ಟಲಿಲ್ಲ. ಅವರ ಕಾರ್ಖಾನೆಗೆ, ಯಾಕೆ, ಆ ಊರಿಗೇ ಇದ್ದದ್ದು ಒಂದೇ ಕ್ರೇನು, ಅದನ್ನು ನಡೆಸುವವರೂ ಒಬ್ಬರೇ.

ಒಂದೊಂದೇ ತಲೆ ಚಿಕ್ಕಪ್ಪನ ಕಡೆ ತಿರುಗಿತು. ಅವರಿಗೆ ಭಾಷಣ ಅರ್ಧವೂ ಕೇಳಿಸಿರಲಿಲ್ಲ. ಅಣ್ಣನ ಮಗಳನ್ನು ಮೆಚ್ಚಿ ಎಲ್ಲರೂ ತನ್ನತ್ತ ನೋಡುತ್ತಿದ್ದಾರೆಂದು ತಿಳಿದು, ಅವರೂ ಎಲ್ಲರ ಕಡೆ ನೋಡಿ ನಗುತ್ತಾ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮ ಅವರ ಕೈ ಹಿಡಿದು ನಿಲ್ಲಿಸಿದಳು. ವೇದಿಕೆಯ ಮೇಲಿದ್ದವಳಿಗೆ ಆಗ ಗೊತ್ತಾಯಿತು.

ಒಬ್ಬ ಹೆಂಗಸು ಎದ್ದು ನಿಂತಳು. ಕ್ರೇನಿನ ಕೆಳಗೆ ಸನ್ನೆ ಮಾಡುವವನ ಹೆಂಡತಿ. "ಅಮ್ಮಾ, ನಮ್ಮ ಮನೆಯವರು ಆ ಬಕೆಟ್ ಕೆಳಗೇ ನಿಲ್ಲೋದು. ಹೊಗೆ ಎದ್ದಾಗ ಕೈ ಕಾಣಲ್ಲ ಅಂತಲೇ ಸೀಟಿ ಊದ್ತಾರೆ. ಈ ವಿಷಯ ನಿಮಗೆ ಎಷ್ಟು ದಿನದಿಂದ ಗೊತ್ತು?"

ಅವಳು ಮೈಕು ಬದಿಗಿಟ್ಟು, "ಏಳು ತಿಂಗಳು" ಎಂದಳು. ಆ ಹೆಂಗಸು ಮತ್ತೇನೂ ಕೇಳದೆ ಹೊರಗೆ ಹೋದಳು.

ಸೋಮವಾರವೇ ಚಿಕ್ಕಪ್ಪನನ್ನು ಕ್ರೇನಿನಿಂದ ಇಳಿಸಿದರು. ಚಿಕ್ಕಮ್ಮ ಫೋನ್ ಮಾಡಿ ಉಗಿದಳು. "ಹೆಸರು ಹೇಳಲಿಲ್ವಂತೆ, ಹೆಸರು! ಹೆಸರು ಹೇಳಿದ್ರೆ ಅರ್ಧ ಜನಕ್ಕೆ ಗೊತ್ತೇ ಆಗ್ತಿರಲಿಲ್ಲ ಕಣೇ. ಎಲ್ಲರೂ ಅವರನ್ನ ಕ್ರೇನಣ್ಣ ಅಂತಲೇ ಅಲ್ವೇನೇ ಕರೆಯೋದು?" ಇತ್ತ ಅವಳು ಫೋನ್ ಹಿಡಿದುಕೊಂಡೇ ಅತ್ತಳು. ಅದೇ ಮಧ್ಯಾಹ್ನ ಪ್ರಚಾರ ವಿಭಾಗದಿಂದ ಅಭಿನಂದನೆಯ ಪತ್ರ ಬಂತು: ಇನ್ನೂ ಐದು ಕಡೆ ಇದೇ ಭಾಷಣ ಬೇಕಂತೆ.

ಮುಂದಿನ ತಿಂಗಳು ಎರಡನೆಯ ಸುತ್ತಿನ ಪರೀಕ್ಷೆ. ಹನ್ನೊಂದು ಗಂಟೆಯಾದರೂ ಒಬ್ಬರೂ ಸುಳಿಯಲಿಲ್ಲ. ಆಮೇಲೆ ಚಿಕ್ಕಪ್ಪ ಬಂದರು, ಒಬ್ಬರೇ.

"ಬೇರೆಯವರು ಬರಲ್ಲ. ನಾನೂ ಕರೆಯೋಕೆ ಹೋಗಲಿಲ್ಲ," ಎಂದು ಕುರ್ಚಿಯನ್ನು ಅವಳೆದುರಿಗೆ ಎಳೆದುಕೊಂಡು, ಅವಳ ತುಟಿ ನೋಡುತ್ತಾ ಕೂತರು.

"ತಪ್ಪಾಯ್ತು ಚಿಕ್ಕಪ್ಪ."

"ಇಳಿಸಿದ್ದು ಸರಿಯೇ ಪುಟ್ಟಿ. ಬಕೆಟ್ ಕೆಳಗೆ ನಿಲ್ಲೋನಿಗೇನಾದರೂ ಆಗಿದ್ರೆ ನಾನು ಅನ್ನ ತಿನ್ನೋ ಹಾಗಿತ್ತಾ? ಆದ್ರೆ ನೀನು ನನಗೊಂದು ಮಾತು ಮೊದಲೇ ಹೇಳಬಹುದಿತ್ತು. ಅಷ್ಟು ಜನರ ಮುಂದೆ ಹಲ್ಲು ಕಿರಿದುಕೊಂಡು ಕೂತಿದ್ನಲ್ಲೇ ನಾನು."

ಅವಳು ಫಾರಂ ಎಳೆದುಕೊಂಡು ಹದಿನೇಳು ಎಂದು ಬರೆದಳು. ಅದರ ಕೆಳಗಿನ ಜಾಗ ಉದ್ಯೋಗದ್ದು. ಅವಳ ಪೆನ್ನು ಅಲ್ಲೇ ನಿಂತಿತು. ಚಿಕ್ಕಪ್ಪ ಬಗ್ಗಿ ನೋಡಿದರು.

"ಗೇಟಿನಲ್ಲಿ ಚೀಟಿ ಕೊಡೋದು," ಎಂದರು. "ಬರಿ ಬರಿ, ಹೆದರಬೇಡ. ಆ ಕೆಲಸಕ್ಕೆ ನಾಲ್ಕು ಜನ ಇದ್ದೀವಿ. ಯಾರು ಅಂತ ಯಾರಿಗೂ ಗೊತ್ತಾಗಲ್ಲ."