ಮೇಜಿಗೆ ಕೇಳಿಸಬೇಕು

“ಈ ಕೊಲ್ಲಿಯಲ್ಲಿ ಇಂಗ್ಲಿಷ್ ಬಾರದ ಮೀನು ಒಂದೇ ಒಂದು ಇದ್ರೆ ತೋರ್ಸಿ, ಇಲ್ಲೇ ಮೀಸೆ ಬೋಳಿಸ್ಕೋತೀನಿ! ಎಲ್ಲಕ್ಕೂ ಪಾಠ ಹೇಳಿದ್ದು ನಾನೇ.”

ಎವಾರಿಸ್ಟೊ ಎದೆ ತಟ್ಟಿಕೊಂಡ ಸದ್ದಿಗೆ ಬೊಕಾಸ್ ದೋಣಿಕಟ್ಟೆಯ ಮೇಲಿದ್ದ ಕೊಕ್ಕರೆಗಳೆಲ್ಲ ಹಾರಿ ಕೋಸ್ಟರಿಕಾ ಸೇರಿದವು. ಅಂದು ಬೆಳಿಗ್ಗೆಯಷ್ಟೇ ಅವನು ಪ್ರವಾಸಿಗರ ದೋಣಿ ನಡೆಸುವವರ ಇಂಗ್ಲಿಷ್ ಪರೀಕ್ಷೆ ಪಾಸಾಗಿದ್ದ. ಎದೆಗೆ ಸಿಕ್ಕಿಸಿದ್ದ ಹೊಸ ಬಿಲ್ಲೆಯ ಹೊಳಪು ಆಚೆ ದ್ವೀಪದ ಕುರುಡರಿಗೂ ಕಾಣುವಂತಿತ್ತು.

“ಅದಿರ್ಲಿ, ನಿಂಗೆ ಪಾಠ ಹೇಳಿದ್ದು ಯಾರೋ?” ಎಂದ ಪಕ್ಕದ ದೋಣಿಯ ಚಾಲೊ. “ಹೋದ ಸಲ ‘ಫೂಟ್ಸ್ ಜೋಪಾನ’ ಅಂದು ಫೇಲಾದವನು ನೀನು. ಆ ಪರೀಕ್ಷೆಯವಳು ನಕ್ಕಿದ್ದು ಈ ಕಟ್ಟೆಗೇ ಕೇಳಿಸಿತ್ತು.”

“ನಂಗ್ಯಾರು ಹೇಳ್ತಾರೆ ಮಾರಾಯ? ಹುಟ್ಟುವಾಗ್ಲೇ ಬಂದಿತ್ತು, ಹೊಟ್ಟೇಲಿ ಮಲಗಿತ್ತು. ಈಗ ಎದ್ದಿದೆ, ಅಷ್ಟೆ. ಯಾರ ಹಂಗೂ ನಂಗಿಲ್ಲ.”

ಮಾತು ಬಾಯಿಂದ ಜಾರಿದ ಮೇಲೆ ತಿರುಗಿ ನೋಡಿದ. ಹೆಂಡತಿ ಡೆಲ್ಸಿ ಕಟ್ಟೆಯವರಿಗೆ ಬಡಿಸಲು ಅನ್ನದ ದೊಡ್ಡ ಪಾತ್ರೆ ಹೊತ್ತು ಬಂದಿದ್ದಳು. ಅವಳ ಹಿಂದೆ, ಹುಲ್ಲಿನ ಟೋಪಿ ಹಾಕಿಕೊಂಡು, ಎರಡು ತೆಂಗಿನಕಾಯಿ ಕಂಕುಳಲ್ಲಿ ಅವುಚಿಕೊಂಡು ಅವನ ಅತ್ತೆ ಮಿಸ್ ಯೂಲಾ ನಿಂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ. ಕಾಯಿಗಳನ್ನು ಮೆಟ್ಟಿಲ ಬಳಿ ಇಟ್ಟು ಪಾತ್ರೆಯ ಕಡೆ ಹೋದಳು.

ಎವಾರಿಸ್ಟೊ ಎದೆಯ ಬಿಲ್ಲೆಯನ್ನು ಅಂಗೈಯಿಂದ ಮುಚ್ಚಿಕೊಂಡ.

ಮದುವೆಯಾದಾಗಿನಿಂದ ಮಿಸ್ ಯೂಲಾ ಅವನನ್ನು ಹೆಸರು ಹಿಡಿದು ಕರೆದವಳಲ್ಲ. “ಡೆಲ್ಸಿ, ಆ ಮನುಷ್ಯನಿಗೆ ಊಟ ಬೇಕಾ ಕೇಳು” ಎನ್ನುವಳು, ಮನುಷ್ಯ ಎದುರಿಗೇ ತಟ್ಟೆ ಹಿಡಿದು ಕೂತಿದ್ದರೂ. ಜಮೈಕಾದಿಂದ ಬಾಳೆತೋಟಕ್ಕೆ ಬಂದ ಅಜ್ಜನ ಇಂಗ್ಲಿಷ್ ಅವಳ ಮನೆಮಾತು; ಸ್ಪ್ಯಾನಿಷ್ ಬಿಟ್ಟು ಬೇರೇನೂ ಬಾರದ ಅಳಿಯ ಅವಳ ಲೆಕ್ಕದಲ್ಲಿ ಅರ್ಧ ಮೂಗ. ಹೋದ ಸಲ ಅವನು ಫೇಲಾಗಿ ಬಂದು ನೀರಿನ ಮೇಲಿನ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಇನ್ನೊಂದು ಸಲ ಫೇಲಾದರೆ ಪ್ರವಾಸಿಗರ ಸಾಲಿನಲ್ಲಿ ಅವನ ದೋಣಿಗೆ ಜಾಗವಿಲ್ಲ. ಡಾಲ್ಫಿನ್ ತೋರಿಸುವುದು ಬಿಟ್ಟು ಗ್ಯಾಸ್ ಸಿಲಿಂಡರ್ ಹೊರಬೇಕು. ಅಂದು ಅತ್ತೆ ಹಳೆಯ ಡಾಮಿನೊ ಡಬ್ಬಿ ತಂದು ಮೇಜಿನ ಮೇಲೆ ಸುರುವಿದಳು. ಬಿಲ್ಲೆಗಳ ಎರಡೂ ಬದಿಯ ಚುಕ್ಕಿಗಳ ಮೇಲೆಲ್ಲ ಮೈದಾ ಅಂಟಿನಿಂದ ಇಂಗ್ಲಿಷ್ ಪದಗಳ ಚೀಟಿ ಮೆತ್ತಿದ್ದಳು.

“ಕೂತ್ಕೊ” ಎಂದಳು. ಅವನೊಂದಿಗೆ ನೇರವಾಗಿ ಆಡಿದ ಮೊದಲ ಮಾತು.

ಆಟ ಸುಲಭ. ಒಬ್ಬರು ‘ಟೂತ್’ ಇಟ್ಟರೆ ಇನ್ನೊಬ್ಬರು ‘ಟೀತ್’ ಇರುವ ಬಿಲ್ಲೆ ಜೋಡಿಸಬೇಕು. ‘ಮೌಸ್’ಗೆ ‘ಮೈಸ್’, ‘ಆಕ್ಸ್’ಗೆ ‘ಆಕ್ಸನ್’. ಒಂದಿದ್ದರೂ ನೂರಿದ್ದರೂ ಬದಲಾಗದ ‘ಶೀಪ್’ನಂಥವು ಎರಡು ಬದಿಯೂ ಒಂದೇ, ಅವನ್ನು ಅಡ್ಡ ಇಡಬೇಕು. ಜೋಡಿಯನ್ನು ಕೂಗಿ ಹೇಳಿ ಬಿಲ್ಲೆ ಅಪ್ಪಳಿಸಬೇಕು. ಮೆಲ್ಲಗೆ ಇಟ್ಟರೆ ಲೆಕ್ಕಕ್ಕಿಲ್ಲ.

“ಜೋರಾಗಿ! ಮೇಜಿಗೆ ಕೇಳಿಸ್ಲಿಲ್ಲ.”

“ಮೇಜಿಗೆ ಕಿವಿ ಇದ್ಯಾ ಅತ್ತೆ?”

“ನಿಂಗಿಂತ ಚೆನ್ನಾಗಿದೆ. ಹೇಳಿದ್ದನ್ನ ಒಂದೇ ಸಲಕ್ಕೆ ಕೇಳ್ಕೊಳ್ಳುತ್ತೆ.”

ಸೋತವನು ಅನ್ನಕ್ಕೆ ಕಾಯಿ ತುರಿಯಬೇಕು. ಆ ಮಳೆಗಾಲ ಎವಾರಿಸ್ಟೊ ಎಷ್ಟು ಕಾಯಿ ತುರಿದನೆಂದರೆ ದ್ವೀಪದ ತೆಂಗಿನಮರಗಳು ಅವನನ್ನು ಕಂಡರೆ ಹೆದರಿ ಬಾಗುತ್ತಿದ್ದವು. ಅವನದೂ ಒಂದು ಷರತ್ತಿತ್ತು: ಕಟ್ಟೆಯವರಿಗೆ ಗೊತ್ತಾಗಬಾರದು. ಅತ್ತೆಯ ಹತ್ತಿರ ಪಾಠ ಹೇಳಿಸಿಕೊಂಡನೆಂದರೆ ಸಾಯುವವರೆಗೂ ಆಡಿಕೊಳ್ಳುತ್ತಾರೆ. “ನಾನೇನು ಡಂಗುರ ಹೊಡೀತೀನಾ?” ಎಂದಿದ್ದಳು ಮಿಸ್ ಯೂಲಾ. ಹೊಡೆದಿರಲಿಲ್ಲ.

ಇವತ್ತು ಬೆಳಿಗ್ಗೆ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ಬಿದ್ದದ್ದೇ ತಡ, ಅವನ ಅಂಗೈ ತಾನಾಗಿ ಎದ್ದು ಮೇಜಿಗೆ ಅಪ್ಪಳಿಸಿತ್ತು. ಪರೀಕ್ಷೆ ಮಾಡಲು ರಾಜಧಾನಿಯಿಂದ ಬಂದ ಹುಡುಗಿಯ ಕಾಫಿ ಲೋಟ ಹಾರಿ ಸೂರಿಗೆ ಬಡಿಯಿತು. ಅವಳು ಲೋಟವನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದಿನ ಪ್ರಶ್ನೆ ಕೇಳಿದಳು. ಒಂದೂ ತಪ್ಪಲಿಲ್ಲ. ಹೊರಗೆ ಬಂದವನೇ ಓಡಿ ಮನೆಗೆ ಹೋಗಿ ಅತ್ತೆಗೆ ಹೇಳಬೇಕೆಂದಿದ್ದ. ಕಾಲು ಕಟ್ಟೆಗೆ ಬಂತು, ನಾಲಿಗೆ ಮೀನುಗಳ ಕಡೆ ಹೋಯಿತು.

“ಬಾರೋ ಪಂಡಿತ, ಒಂದಾಟ!” ಚಾಲೊ ಪೀಪಾಯಿಯ ಮೇಲೆ ಹಲಗೆ ಹಾಕಿ ಡಾಮಿನೊ ಹರಡಿದ. ಇವು ಬರೀ ಚುಕ್ಕಿಯವು. ಎವಾರಿಸ್ಟೊ ಬಿಲ್ಲೆ ಎತ್ತಿದ, ಅಪ್ಪಳಿಸಿದ.

“ಗೂಸ್–ಗೀಸ್!”

ಕಟ್ಟೆಯವರೆಲ್ಲ ಇತ್ತ ತಿರುಗಿದರು.

“ಏನಂದೆ?”

“ಏನಿಲ್ಲ. ಕೆಮ್ಮು.”

ಮುಂದಿನ ಸರದಿಗೆ ತುಟಿ ಕಚ್ಚಿ ಹಿಡಿದ. ಬಿಲ್ಲೆ ಕೈಬಿಡುವಾಗ ತುಟಿಯೂ ಕೈಬಿಟ್ಟಿತು. “ಟೂತ್–ಟೀತ್” ಎಂದ, ಕಳ್ಳನಂತೆ, ಮೆಲ್ಲಗೆ.

“ಜೋರಾಗಿ!” ಪಾತ್ರೆಯ ಬಳಿಯಿಂದ, ತಿರುಗಿಯೂ ನೋಡದೆ ಕೂಗಿದಳು ಮಿಸ್ ಯೂಲಾ. “ಮೇಜಿಗೆ ಕೇಳಿಸ್ಲಿಲ್ಲ!”

ಕೂಗಿದ ಮೇಲೆ ಅವಳಿಗೇ ಅರಿವಾಗಿ ಸೌಟು ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಚಾಲೊ ಅವಳನ್ನು ನೋಡಿದ, ಇವನನ್ನು ನೋಡಿದ. ನಗು ಅವನ ಹೊಟ್ಟೆಯಿಂದ ಮೇಲಕ್ಕೆ ಬರುತ್ತಿರುವುದು ಕಾಣುತ್ತಿತ್ತು.

“ಹುಟ್ಟುವಾಗ್ಲೇ ಬಂದಿತ್ತಾ?”

ಎವಾರಿಸ್ಟೊ ಬಾಯಿ ತೆರೆದ. ಅಲ್ಲಿ ಇನ್ನೂ ಹತ್ತು ಸುಳ್ಳು ಸಾಲಾಗಿ ನಿಂತಿದ್ದವು. ಅತ್ತೆ ಅನ್ನ ಬಡಿಸುವುದು ಬಿಟ್ಟು ನೆಲ ನೋಡುತ್ತಿದ್ದಳು.

“ಇಲ್ಲ” ಎಂದ. “ಮೀನಿನ ವಿಷಯ ಸುಳ್ಳು. ಹೊಟ್ಟೇದೂ ಸುಳ್ಳು. ಅತ್ತೆ ಕಲಿಸಿದ್ರು. ದಿನಾ ಮಧ್ಯಾಹ್ನ ಎದುರಿಗೆ ಕೂರಿಸ್ಕೊಂಡು ಕಲಿಸಿದ್ರು. ಅವರಿಲ್ದಿದ್ರೆ ನಾನಿವತ್ತು ಸಿಲಿಂಡರ್ ಹೊರ್ತಿದ್ದೆ. ನಗೋದಾದ್ರೆ ನಗಿ.”

ಅವರು ನಕ್ಕರು. ಚಾಲೊ ಹೊಟ್ಟೆ ಹಿಡಿದುಕೊಂಡು ನೀರಿಗೆ ಬೀಳುವಷ್ಟು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು, ಟೋಪಿ ತೆಗೆದು ಎದೆಗಿಟ್ಟುಕೊಂಡ. “ಮಿಸ್ ಯೂಲಾ, ಬರೋ ತಿಂಗಳು ನಂದೂ ಪರೀಕ್ಷೆ ಇದೆ…”

“ಎವಾರಿಸ್ಟೊ” ಎಂದಳು ಮಿಸ್ ಯೂಲಾ. ಇಡೀ ಹೆಸರು, ಒಂದಕ್ಷರ ಬಿಡದೆ. “ಜಾಗ ಬಿಡು.”

ಅವನು ಎದ್ದು ಕುರ್ಚಿಯನ್ನು ಅಂಗಿಯ ತುದಿಯಿಂದ ಒರೆಸಿ ಅವಳತ್ತ ಸರಿಸಿದ. ಮೆಟ್ಟಿಲಿಗೆ ಹೋಗಿ ಕಾಯಿ ಒಡೆದ, ತುರಿಯುವ ತಗಡನ್ನು ಮೊಣಕಾಲ ನಡುವೆ ಹಿಡಿದು ಕೂತ. ಸೋತಿರಲಿಲ್ಲ, ಆಟ ಮುಗಿದೂ ಇರಲಿಲ್ಲ. ಬೆನ್ನ ಹಿಂದೆ ಹಲಗೆ ಧಡ್ಡೆಂದಿತು. ಬಿಳಿ ತುರಿ ಸಣ್ಣಗೆ ಬೋಗುಣಿಗೆ ಉದುರುತ್ತಿತ್ತು.