ನಿಮ್ಮದೇ ಮೊದಲು

ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನಿಗೆ ಕತ್ತರಿ ಅಂತಲೇ ಹೆಸರು. ಕೈಯಲ್ಲಿದ್ದದ್ದಕ್ಕಿಂತ ಬಾಯಲ್ಲಿದ್ದದ್ದೇ ಹರಿತ. ಆ ಶುಕ್ರವಾರವಂತೂ ಅವನಿಗೆ ಮೈಯೆಲ್ಲಾ ಉರಿ. ಸೋಮವಾರ ಅಕ್ಕನಿಗೆ ಕೆಲಸದ ಸಂದರ್ಶನ, ಅವಳ ಕೋಟು ನೋಡಿದರೆ ಒಂದೇ ತೋಳು ಹೊತ್ತು ಮೊಳೆಗೆ ನೇತಾಡುತ್ತಿದೆ. ಯಜಮಾನ ಮುಟ್ಟಗೊಡುತ್ತಿಲ್ಲ.

"ಅಂಗಡಿಯೋರ ಮನೆ ಬಟ್ಟೆ ಕೊನೆಗೆ ಕಣೋ. ಗಿರಾಕಿ ಮುಂದೆ ಮರ್ಯಾದೆ ಬೇಡ್ವಾ?"

ಮರ್ಯಾದೆಯಂತೆ! ಬಂದವರಿಗೆಲ್ಲಾ "ನಿಮ್ಮದೇ ಮೊದಲು" ಎಂದು ಬೆಣ್ಣೆ ಹಚ್ಚುವ ಬಾಯಿ ಯಜಮಾನನದು. ಆಮೇಲೆ ಬೈಸಿಕೊಳ್ಳುವ ಕಿವಿ ಕತ್ತರಿಯದು.

"ಲೋ, ನಿಮ್ಮಕ್ಕನೂ ಸೇರಿ ಬಾಕಿ ಇರೋ ಇಪ್ಪತ್ಮೂರು ಜನಕ್ಕೂ ಒಂದೇ ಈಮೇಲ್ ಹಾಕು. 'ಉಳಿದೋರದ್ದೆಲ್ಲಾ ಪಕ್ಕಕ್ಕಿಟ್ಟಿದ್ದೀವಿ, ನಿಮ್ಮದೇ ಮೊದಲು' ಅಂತ. ವಿಳಾಸ ಬಿಸಿಸಿಯಲ್ಲಿ ಹಾಕು, ಒಬ್ಬರದು ಇನ್ನೊಬ್ಬರಿಗೆ ಕಾಣಬಾರದು. ನನಗೂ ಒಂದು ಕಳಿಸು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು, ತಲೆಗೆ ಹೋಯ್ತಾ?"

ಹೋಯಿತು. ಚೆನ್ನಾಗಿಯೇ ಹೋಯಿತು. ಕತ್ತರಿ ಕಂಪ್ಯೂಟರ್ ಮುಂದೆ ಕೂತು ಟಪಟಪ ಒತ್ತಿ, ಕಳಿಸಿ, ಏನೂ ಅರಿಯದವನ ಹಾಗೆ ಬಟ್ಟೆ ಕತ್ತರಿಸಲು ಹೋದ.

ಹತ್ತು ನಿಮಿಷಕ್ಕೆ ಆಸ್ಪತ್ರೆಯ ದೊಡ್ಡ ನರ್ಸಮ್ಮ ಎಲ್ಲರಿಗೂ ಉತ್ತರ ಹಾಕಿದಳು: "ನಂದೇ ಮೊದಲು ಅಂತ ಹಿಗ್ಗಿದ್ದೆ. ನನ್ನ ಜೊತೆ ಮೊದಲಿರೋ ಇಪ್ಪತ್ತೆರಡು ಜನಕ್ಕೂ ನಮಸ್ಕಾರ."

ಬ್ಯಾಂಡಿನ ತುತ್ತೂರಿಯವನು ಬರೆದ: "ನಾನು ಎರಡು ತಿಂಗಳಿಂದ ಮೊದಲಿದ್ದೀನಿ ತಾಯೀ."

ವಕೀಲರು ನಡುವೆ ಬಂದರು: "ಯಾರಿಗೆ ಯಾವತ್ತು ಬೇಕು ಬರೀರಿ. ಸರದಿ ನಾವೇ ಮಾಡೋಣ."

ಮಧ್ಯಾಹ್ನ ವಕೀಲರೇ ಪಟ್ಟಿ ಹಿಡಿದು ಅಂಗಡಿ ಮೆಟ್ಟಿಲು ಹತ್ತಿದರು. "ತಗೊಳ್ರಿ. ನನ್ನ ಗೌನು ಕೊನೇಲಿದ್ರೂ ಪರವಾಗಿಲ್ಲ. ಇಲ್ಲೊಬ್ಬ ಹುಡುಗಿ, ಸೋಮವಾರ ಬೆಳಿಗ್ಗೆ ಸಂದರ್ಶನವಂತೆ. ಅವಳಷ್ಟು ಅವಸರ ಯಾರಿಗೂ ಇಲ್ಲ. ಅವಳ ಕೋಟು ಮೊದಲು. ಇಪ್ಪತ್ಮೂರೂ ಜನ ಒಪ್ಪಿದ್ದೀವಿ."

ಯಜಮಾನ ಹಲ್ಲು ಗಿಂಜಿದ. ವಕೀಲರು ಇಳಿದದ್ದೇ ತಡ, ಮುಖ ಕೆಂಪೇರಿತು.

"ಮುಚ್ಚಿಡು ಅಂದಿದ್ನಲ್ಲೋ ಪಾಪಿ!"

"ಮುಚ್ಚಿಟ್ಟೆ ಅಣ್ಣಾ. ಮರ್ಯಾದೆ ನಿಮ್ಮದು ತಾನೇ? ಅದಕ್ಕೇ ನಿಮ್ಮ ವಿಳಾಸ ಒಂದನ್ನೇ ಬಿಸಿಸಿಯಲ್ಲಿ ಭದ್ರವಾಗಿಟ್ಟೆ. ಯಾರಿಗೂ ಕಾಣಲ್ಲ."

ಯಜಮಾನ ಪಟ್ಟಿ ನೋಡಿದ. ಮೊಳೆಯಿಂದ ಕೋಟು ಇಳಿಸಿ ಮಷೀನಿಗೆ ಕೂತು, ತಲೆ ಎತ್ತದೆ ಕೈ ಚಾಚಿದ.

"ಇನ್ನೊಂದು ತೋಳು ಎಲ್ಲೋ?"

ಕತ್ತರಿ ಅದನ್ನು ಬೆಳಿಗ್ಗೆ ಈಮೇಲ್ ಕಳಿಸಿದ ಕೂಡಲೇ ಕತ್ತರಿಸಿಟ್ಟಿದ್ದ.